ಮೊಲದ ಸೀನು: ಔಷಧದ ಬಾಟ್ಲಿ ತೆಗಿಯೂ ಮೊದಲು ಕಿಡಕಿ ತೆಗೀರಿ



ಹೋದ ಸಲ ಕಬ್ಬಿನ ರವದಿ ಸುಡಬ್ಯಾಡ್ರಿ ಅಂತ ಬರೆದಿದ್ದೆ, ಅದರ ಮುಂದಿನ ಭಾಗ ಆಮೇಲೆ ಬರೀತೀನಿ. ಈ ಸಲ ಮೊಲದ ವಿಷಯ. ಯಾಕಂದ್ರ ಈ ಹದಿನೈದು ದಿನದಾಗ ಮೂರು ಮಂದಿ ಫೋನ್ ಮಾಡಿ ಒಂದ ಪ್ರಶ್ನೆ ಕೇಳ್ಯಾರ. "ಕಾಕಾ, ಹುಡುಗ್ರು ಸಾಕಿದ ಮೊಲ ಸೀನಾಕತ್ತೈತಿ, ಮೂಗು ಸೋರಾಕತ್ತೈತಿ, ಏನ್ ಔಷಧ ಹಾಕೂನು?" ಒಬ್ಬರು ರಾಯಬಾಗದವರು, ಒಬ್ಬರು ಕಾಗವಾಡದವರು, ಇನ್ನೊಬ್ಬರು ನಮ್ಮ ಚಿಕ್ಕೋಡಿಯವರ.

ಔಷಧದ ಹೆಸರು ಹೇಳೂದು ನನ್ನ ಕೆಲಸ ಅಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದ ಒಕ್ಕಲಿಗ, ಡಾಕ್ಟರ್ ಅಲ್ಲ. ಆದ್ರ ಈ ಸೀನಿಗೆ ನೂರಾ ನಲವತ್ತು ವರ್ಷದ ಇತಿಹಾಸ ಐತಿ. ಅದನ್ನ ನಾನು ಓದಿ ತಿಳ್ಕೊಂಡದ್ದು ನನ್ನ ಮೊಲ ಸತ್ತ ಮ್ಯಾಲ. ಮೊದಲ ತಿಳಿದಿದ್ರ ಏಳು ಮೊಲ ಉಳೀತಿದ್ದವು. ನಿಮ್ಮವು ಉಳೀಲಿ ಅಂತ ಬರೀತೀನಿ. ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ನಮ್ಮ ಹೊಲದ ಮೊಲ ಬ್ಯಾರೆ, ಪಂಜರದ ಮೊಲ ಬ್ಯಾರೆ

ಕನ್ನಡದಾಗ ಎರಡಕ್ಕೂ ನಾವು ಮೊಲ ಅಂತೀವಿ. ನಮ್ಮ ಮರಾಠಿ ಮಂದಿ ಎರಡಕ್ಕೂ ಸಸಾ ಅಂತಾರ. ಆದ್ರ ಎರಡೂ ಬ್ಯಾರೆ ಬ್ಯಾರೆ ಪ್ರಾಣಿ. ಅಥಣಿ ಕಡೆ ಜ್ವಾಳದ ಹೊಲದಾಗ, ಕುರಚಲು ಗುಡ್ಡದಾಗ ರಾತ್ರಿ ಬ್ಯಾಟರಿ ಬೆಳಕಿಗೆ ಕಣ್ಣು ಹೊಳೆಯುವ ಮೊಲ ನಮ್ಮ ದೇಶದ್ದು. ಅದು ಬಿಲ ತೋಡುವುದಿಲ್ಲ. ಬಯಲಾಗ ಹುಲ್ಲಿನ ಮರೆಯಲ್ಲಿ ಮರಿ ಹಾಕ್ತದ. ಆ ಮರಿ ಹುಟ್ಟುವಾಗಲೇ ಮೈಮ್ಯಾಲೆ ಕೂದಲು ಇರ್ತದ, ಕಣ್ಣು ತೆರೆದಿರ್ತದ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಹಿಡಿಯೂದು, ಸಾಕೂದು ಅಪರಾಧ. ಇದನ್ನ ಮೊದಲ ಹೇಳಿಬಿಡ್ತೀನಿ.

ಪೇಟೆಯಾಗ ಪಂಜರದಾಗ ಮಾರುವ ಬಿಳಿ ಮೊಲದ ಮೂಲ ಊರು ಸ್ಪೇನ್, ಪೋರ್ಚುಗಲ್ ಕಡೆ. ಅದು ಬಿಲದ ಪ್ರಾಣಿ. ಮರಿ ಹುಟ್ಟುವಾಗ ಕಣ್ಣು ಮುಚ್ಚಿರ್ತದ, ಮೈ ಬೆತ್ತಲೆ ಇರ್ತದ. ಯುರೋಪಿನವರು ಅದನ್ನ ಮಾಂಸಕ್ಕೆ, ತುಪ್ಪಳಕ್ಕೆ ಸಾಕಿ ಸಾಕಿ ನೂರಾರು ತಳಿ ಮಾಡಿದರು. ನಮ್ಮ ದೇಶದಾಗ ಸರಕಾರವೂ ಈ ಮೊಲದ ಮ್ಯಾಲ ಕೆಲಸ ಮಾಡೇತಿ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಒಂದು ಶಾಖೆ ಕೊಡೈಕನಾಲ್ ಹತ್ತಿರ ಮನ್ನವನೂರಿನಲ್ಲಿ ಐತಿ. ಅಲ್ಲಿ ವೈಟ್ ಜಾಯಂಟ್, ಸೋವಿಯತ್ ಚಿಂಚಿಲ್ಲಾ ತಳಿ ಸಾಕ್ತಾರ. ಅದು ತಂಪು ಗುಡ್ಡದ ಊರು ಅನ್ನೋದನ್ನ ನೆನಪಿಡ್ರಿ. ನಮ್ಮ ಕಡೆ ಏಪ್ರಿಲ್ ತಿಂಗಳ ಬಿಸಲಿಗೂ ಅಲ್ಲಿಯ ಬಿಸಲಿಗೂ ಹೋಲಿಕೆ ಇಲ್ಲ.

ಇನ್ನೊಂದು ಮಾತು. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ನಮಗ ನೆಗಡಿ ಆದ್ರ ಬಾಯಿಂದ ಉಸಿರು ಎಳೀತೀವಿ. ಅದಕ್ಕ ಹಂಗ ಆಗೂದಿಲ್ಲ. ಮೊಲ ಬಾಯಿ ತೆಗೆದು ಉಸಿರಾಡಾಕತ್ತೈತಿ ಅಂದ್ರ ಜೀವ ಹೋಗೂ ಹಂತಕ್ಕ ಬಂದೈತಿ ಅಂತ ಅರ್ಥ. ಅದಕ್ಕ ಅದರ ಮೂಗು ಕಟ್ಟೂದು ಅಂದ್ರ ಸಣ್ಣ ಮಾತಲ್ಲ.

ಎಮ್ಮಿ ಕೊಲ್ಲೂ ರೋಗಾಣು, ಮೊಲದ ಮೂಗಿನಾಗೂ ಅದ

ಮಳಗಾಲದ ಮೊದಲು ಪಶು ಆಸ್ಪತ್ರೆಯವರು ಎಮ್ಮಿ ಆಕಳಿಗೆ ಗಂಟಲ ಬ್ಯಾನಿ ಇಂಜೆಕ್ಷನ್ ಮಾಡಾಕ ಬರ್ತಾರಲ್ಲ, ಪುಸ್ತಕದಾಗ ಗಳಲೆ ರೋಗ ಅಂತ ಬರೀತಾರ, ಗಡಿಯಾಚೆ ಘಟಸರ್ಪ ಅಂತಾರ. ಸಂಜಿಕ ಹಾಲು ಕೊಟ್ಟ ಎಮ್ಮಿ ಬೆಳಗಾಗೂದ್ರಾಗ ಗಂಟಲ ಬಾತು ಬಿದ್ದಿರ್ತದ. ಆ ರೋಗ ತರುವ ಸೂಕ್ಷ್ಮಜೀವಿಯ ಹೆಸರು ಪಾಶ್ಚುರೆಲ್ಲಾ ಮಲ್ಟೋಸಿಡಾ. ಕೋಳಿಗೆ ಬರುವ ಕೋಳಿ ಕಾಲರಾ ಸಹ ಇದರಿಂದಲೇ. ಮೊಲದ ಸೀನು, ಮೂಗು ಸೋರುವುದು, ಆಮೇಲೆ ಪುಪ್ಪುಸಕ್ಕೆ ಇಳಿಯುವ ರೋಗ, ಅದಕ್ಕೂ ಹೆಚ್ಚಿನ ಸಲ ಇದೇ ಕಾರಣ. ಒಳಗಿನ ಬಗೆ ಬ್ಯಾರೆ ಬ್ಯಾರೆ ಇರ್ತಾವು, ಎಮ್ಮಿಯದು ಬಂದು ಮೊಲಕ್ಕ ಹತ್ತೈತಿ ಅಂತ ತಿಳೀಬ್ಯಾಡ್ರಿ. ಆದ್ರ ಜಾತಿ ಒಂದ.

ಹೆಸರಿನಾಗ ಪಾಶ್ಚುರ್ ಅದಾನ ನೋಡ್ರಿ, ಆತ ಫ್ರಾನ್ಸಿನ ಲೂಯಿ ಪಾಶ್ಚರ್, ಹುಚ್ಚುನಾಯಿ ಲಸಿಕೆಯ ಪಾಶ್ಚರ್. 1880ರ ಸುಮಾರಿಗೆ ಆತ ಈ ರೋಗಾಣುವನ್ನು ಬೆಳೆಸಿ, ಅದರ ಜೋರು ಇಳಿಸಿ ಕೋಳಿ ಕಾಲರಾಕ್ಕೆ ಲಸಿಕೆ ಮಾಡಿದ. 1887ರಲ್ಲಿ ಈ ಕುಲಕ್ಕೆ ಆತನ ಹೆಸರನ್ನೇ ಇಟ್ಟರು. ಎರಡು ವರ್ಷ ಆದ ಮ್ಯಾಲೆ, 1889ರಲ್ಲಿ, ನಮ್ಮ ಪುಣೆಯೊಳಗೆ ದನಗಳ ರೋಗ ಅಭ್ಯಾಸ ಮಾಡಲಿಕ್ಕೆ ಸರಕಾರದ ಪ್ರಯೋಗಾಲಯ ಶುರುವಾಯಿತು. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು, ಇವತ್ತಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಅದರಿಂದಲೇ ಬೆಳೆದದ್ದು. ಆವಾಗ ಚಿಕ್ಕೋಡಿ, ಅಥಣಿ ಎಲ್ಲಾ ಮುಂಬೈ ಪ್ರಾಂತ್ಯದಾಗ ಇದ್ದವು. ನಮ್ಮ ಮುತ್ತಜ್ಜಂದಿರ ದನ ಗಂಟಲ ಬ್ಯಾನಿಯಿಂದ ಸಾಯುತ್ತಿದ್ದ ಕಾಲದಾಗ ಪುಣೆಯೊಳಗ ಅದರ ಲೆಕ್ಕ ಶುರುವಾಗಿತ್ತು.

ಮೊಲ ಕೊಲ್ಲಾಕ ಹಡಗು ಹತ್ತಿದ ರೋಗಾಣು

ಈಗ ಒಂದು ಮಜಾ ಕಥಿ. ಇದು ಆಸ್ಟ್ರೇಲಿಯಾದ್ದು, ಆದ್ರ ನಮ್ಮ ವಿಷಯಕ್ಕ ಬೇಕಾದದ್ದು.

1859ರಲ್ಲಿ ಥಾಮಸ್ ಆಸ್ಟಿನ್ ಅನ್ನುವ ಜಮೀನ್ದಾರ ಬ್ಯಾಟಿ ಆಡುವ ಹೌಸಿಗೆ ಇಂಗ್ಲೆಂಡಿನಿಂದ ಕೆಲವು ಮೊಲ ತರಿಸಿ ವಿಕ್ಟೋರಿಯಾದ ತನ್ನ ಜಮೀನಿನಾಗ ಬಿಟ್ಟ. ಮೂವತ್ತು ವರ್ಷದೊಳಗೆ ಮೊಲ ಎಷ್ಟು ಆದವು ಅಂದ್ರ ಕುರಿಗಳಿಗೆ ಹುಲ್ಲು ಉಳಿಯಲಿಲ್ಲ. 1887ರಲ್ಲಿ ನ್ಯೂ ಸೌತ್ ವೇಲ್ಸ್ ಸರಕಾರ ಮೊಲ ನಾಶ ಮಾಡುವ ಉಪಾಯ ಹೇಳಿದವರಿಗೆ 25,000 ಪೌಂಡ್ ಬಹುಮಾನ ಅಂತ ಜಾಹೀರು ಮಾಡಿತು.

ಪಾಶ್ಚರ್ ತನ್ನ ಕೋಳಿ ಕಾಲರಾದ ರೋಗಾಣು ಕೊಟ್ಟು, ಹೆಂಡತಿಯ ಕಡೆಯ ಸೋದರಳಿಯ ಆದ್ರಿಯಾಂ ಲ್ವಾರ್ ಅನ್ನುವವನನ್ನು 1888ರಲ್ಲಿ ಸಿಡ್ನಿಗೆ ಕಳಿಸಿದ. ಸಿಡ್ನಿ ಬಂದರಿನ ಒಂದು ಸಣ್ಣ ನಡುಗಡ್ಡೆ, ರಾಡ್ ಐಲ್ಯಾಂಡ್, ಅಲ್ಲಿ ಪ್ರಯೋಗ ನಡೆಯಿತು. ರೋಗಾಣು ಹಚ್ಚಿದ ಮೇವು ತಿಂದ ಮೊಲ ಸತ್ತವು. ಆದ್ರ ಸತ್ತ ಮೊಲದಿಂದ ಪಕ್ಕದ ಮೊಲಕ್ಕೆ ರೋಗ ಬೇಕಾದಷ್ಟು ಹಬ್ಬಲಿಲ್ಲ. ಮ್ಯಾಲೆ ಪಕ್ಷಿಗಳಿಗೆ ತೊಂದರೆ ಆದೀತು ಅನ್ನುವ ಭಯವೂ ಇತ್ತು. ಬಹುಮಾನ ಕೊಡಲಿಲ್ಲ.

ಇದನ್ನ ಓದಿದಾಗ ನನಗ ಒಂದು ವಿಚಾರ ಹೊಳೀತು. ಜಗತ್ತಿನ ದೊಡ್ಡ ವಿಜ್ಞಾನಿ ಬೇಕಂತಲೇ ರೋಗ ಹಬ್ಬಿಸಾಕ ಹೊಂಟ್ರೂ ಹಬ್ಬಲಿಲ್ಲ. ನನ್ನ ಕೋಣಿಯೊಳಗ ನಾನು ಬ್ಯಾಡ ಬ್ಯಾಡ ಅಂದ್ರೂ ಹಬ್ಬಿತು. ಆತನ ರೋಗಾಣುವಿನ ಬಗೆ ಬ್ಯಾರೆ, ನನ್ನದು ಬ್ಯಾರೆ, ಅದು ಖರೆ. ಆದ್ರೂ ನನ್ನ ಕೋಣಿಯೊಳಗ ಅಂಥಾದ್ದು ಏನಿತ್ತು ಅಂತ ಕೇಳ್ಕೊಬೇಕಾಯ್ತು.

1924: ಆರಾಮ ಇದ್ದ ಮೊಲದ ಮೂಗಿನಾಗೂ ರೋಗಾಣು

ಉತ್ತರ ಸಿಕ್ಕದ್ದು ಅಮೆರಿಕದ ಕಥಿಯೊಳಗ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಪ್ರಯೋಗಕ್ಕ ಅಂತ ಮೊಲ ಸಾಕಿದ್ದರು. ಅವು ಸೀನಿ ಸೀನಿ ಸಾಯುತ್ತಿದ್ದವು. ಲೆಸ್ಲಿ ವೆಬ್‌ಸ್ಟರ್ ಅನ್ನುವ ಡಾಕ್ಟರ್ ಅದರ ಹಿಂದೆ ಬಿದ್ದು 1924ರಲ್ಲಿ ಒಂದರ ಹಿಂದೊಂದು ಲೇಖನ ಬರೆದ. ಸೀನುವ ಮೊಲದ ಮೂಗಿನಾಗ ರೋಗಾಣು ಸಿಕ್ಕದ್ದು ಸರಿ. ಆದ್ರ ಏನೂ ಆಗದ, ಆರಾಮ ಮೇಯುತ್ತಿದ್ದ ಮೊಲದ ಮೂಗಿನಲ್ಲಿಯೂ ಅದೇ ರೋಗಾಣು ಸಿಕ್ಕಿತು.

ಅಂದ್ರ ರೋಗ ಹೊರಗಿಂದ ಹೊಸದಾಗಿ ಬರಬೇಕು ಅಂತೇನಿಲ್ಲ. ಒಳಗ ಕುಂತಿರ್ತದ. ಮೊಲದ ಮೈ ಗಟ್ಟಿ ಇರೂತನಕ ಸುಮ್ಮನಿರ್ತದ. ಯಾವಾಗ ಮೈ ಸೋಲ್ತದ ಆವಾಗ ಏಳ್ತದ. ಬೀಜ ಇದ್ರೂ ಹಸಿ ಸಿಗೂತನಕ ಮೊಳಕಿ ಬರೂದಿಲ್ಲಲ್ಲ, ಹಂಗ.

ಮೊಲದ ಮೈ ಸೋಲಿಸುವ ವಸ್ತು ಯಾವುವು? ಮೊದಲನೇದು ಉಚ್ಚಿಯ ಘಾಟು. ಮೊಲದ ಉಚ್ಚಿ ಭಾಳ ಖಾರ. ನಿಂತಲ್ಲೇ ನಿಂತ್ರ ಅದರಿಂದ ಅಮೋನಿಯಾ ಗಾಳಿ ಏಳ್ತದ. ನಾವು ಯೂರಿಯಾ ಚೀಲ ಬಿಚ್ಚಿ ಹಸಿಯಾದಾಗ ಮೂಗಿಗೆ ಬಡಿಯುತ್ತದಲ್ಲ, ಅದ. ಅದು ಮೂಗಿನ ಒಳಗಿನ ತೆಳು ಚರ್ಮ ಸುಡ್ತದ. ಎರಡನೇದು ಧೂಳು. ಮೂರನೇದು ಇಕ್ಕಟ್ಟು, ಅಂಜಿಕಿ, ದಾರಿ ಪ್ರಯಾಣ. ನಾಲ್ಕನೇದು ಸೆಕಿ. ಮೂವತ್ತು ಡಿಗ್ರಿ ದಾಟಿದ್ರ ಮೊಲಕ್ಕ ತ್ರಾಸು ಶುರು. ಅದಕ್ಕ ನಮ್ಮಂಗ ಬೆವರು ಬರೂದಿಲ್ಲ, ಕಿವಿಯಿಂದಲೇ ಸೆಕಿ ಹೊರಗ ಹಾಕ್ತದ.

ನನ್ನ ತಂಬಾಕು ಕೋಣಿ

ಈಗ ನನ್ನ ತಪ್ಪಿನ ಪಾಳಿ.

ನಿಪ್ಪಾಣಿ ಸೀಮಿಯವರಿಗೆ ತಂಬಾಕು ಹೊಸದಾಗಿ ಹೇಳಬೇಕಾಗಿಲ್ಲ. 1981ರಲ್ಲಿ ಶರದ ಜೋಶಿಯವರ ಮುಂದಾಳತನದಾಗ ತಂಬಾಕಿನ ರೇಟಿಗಾಗಿ ರೈತರು ಪುಣೆ-ಬೆಂಗಳೂರು ರಸ್ತೆ ಮ್ಯಾಲ ಕುಂತಾಗ ನಾನು ಸಾಲಿ ಹುಡುಗ. ಅಪ್ಪ ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿದ್ದ. ಆಮೇಲೆ ನೀರು ಬಂತು, ಕಬ್ಬು ಬಂತು, ನಾವು ತಂಬಾಕು ಬಿಟ್ಟಿವಿ. ಆದ್ರ ತಂಬಾಕು ಇಡೂ ಕೋಣಿ ಹಂಗ ಉಳೀತು. ಮಣ್ಣಿನ ಗ್ವಾಡಿ, ಮ್ಯಾಲ ಪತ್ರಾ, ಒಂದ ಬಾಗಲಾ, ಕಿಡಕಿ ಇಲ್ಲ. ತಂಬಾಕಿಗೆ ಗಾಳಿ ಆಡಬಾರದು ಅಂತ ಹಂಗ ಕಟ್ಟಿದ್ದು.

2012ರ ಸುಮಾರಿಗೆ ಮೊಲ ಸಾಕಾಣಿಕೆಯ ಗಾಳಿ ಬೀಸಿತು. ಒಂದು ಕಂಪನಿಯವರು ಬಂದು, ಮರಿ ನಾವು ಕೊಡ್ತೀವಿ, ದೊಡ್ಡದಾದ ಮ್ಯಾಲ ನಾವ ತಗೋತೀವಿ ಅಂದ್ರು. ಹತ್ತು ಹೆಣ್ಣು, ಮೂರು ಗಂಡು ತಗೊಂಡೆ. ಎಲ್ಲಿ ಇಡೂದು? ಆ ಕೋಣಿಯೊಳಗ. ನಮ್ಮವ್ವ ಆವಾಗಲೇ ಹೇಳಿದ್ಲು, "ಆ ಕೋಣ್ಯಾಗ ಮನಶಾರಿಗೆ ಉಸಿರು ಹಿಡೀತೈತಿ, ಪ್ರಾಣಿ ಹ್ಯಾಂಗ ಇಡ್ತಿಯೋ?" ಅವ್ವ ಮದಿವ್ಯಾಗೂ ಮೊದಲು ನಿಪ್ಪಾಣಿಯ ವಖಾರದಾಗ ತಂಬಾಕು ಹಸನು ಮಾಡಾಕ ಹೋಗ್ತಿದ್ಲು. ದಿನಾ ಸೀನಿ, ಕೆಮ್ಮಿ, ಸೆರಗು ಮೂಗಿಗೆ ಕಟ್ಟಿಕೊಂಡು ದುಡಿದಾಕಿ. ಆಕಿಗೆ ಗೊತ್ತಿತ್ತು. ನಾ ಕೇಳಲಿಲ್ಲ. ತಾನು ಹಿಡಿದ ಮೊಲಕ್ಕ ಮೂರ ಕಾಲು ಅಂತಾರಲ್ಲ, ಖರೆ ಖರೆ ಮೊಲ ಹಿಡಕೊಂಡು ನಾನು ಹಂಗ ಮಾಡಿದೆ.

ಮಳಗಾಲ ಹಿಡೀತು. ಥಂಡಿ ಬಾರದಿರಲಿ ಅಂತ ಬಾಗಲಕ್ಕೂ ಗೋಣಿತಟ್ಟು ಇಳಿಬಿಟ್ಟೆ. ಎಂಟು ದಿನಕ್ಕೊಮ್ಮೆ ಹಿಕ್ಕಿ ತೆಗೀತಿದ್ದೆ. ಒಂದು ಮೊಲ ಸೀನಿತು. ತಂಬಾಕಿನ ಧೂಳಿಗೆ ಸೀನಿರಬೇಕು ಅಂದುಕೊಂಡೆ. ನಾಲ್ಕು ದಿನದಾಗ ಐದು ಮೊಲ ಸೀನಾಕ ಹತ್ತಿದವು. ಮೂಗಿನಿಂದ ಬಿಳೇ ಸಿಂಬಳ. ಮುಂಗಾಲಿನ ಒಳಮಗ್ಗಲಿನ ಕೂದಲು ಅಂಟಂಟು ಆಗಿ ಗಂಟು ಕಟ್ಟಿತ್ತು. ಮೊಲ ಮುಂಗಾಲಿನಿಂದ ಮೂಗು ಒರಸಿಕೋತದ, ಅದಕ್ಕ ಹಂಗ ಆಗ್ತದ. ಆ ಗುರುತು ನೆನಪಿಡ್ರಿ, ಮೂಗು ಒರಸಿ ಸ್ವಚ್ಛ ಕಂಡ್ರೂ ಕಾಲು ಸುಳ್ಳು ಹೇಳೂದಿಲ್ಲ.

ಕಂಪನಿಯವರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಮನ್ಯಾಗ ಹುಡುಗನ ಗಂಟಲ ಬ್ಯಾನಿಗೆ ತಂದ ಅಮಾಕ್ಸಿಸಿಲಿನ್ ಔಷಧ ಅರ್ಧ ಬಾಟ್ಲಿ ಉಳಿದಿತ್ತು. ಸಣ್ಣ ಕೂಸಿಗೆ ನಡೀತದಂದ್ರ ಮೊಲಕ್ಕ ಯಾಕ ನಡೆಯಂಗಿಲ್ಲ ಅಂತ ಏಳು ಮೊಲಕ್ಕ ಬಾಯಿಯೊಳಗ ಹಾಕಿದೆ. ಸೀನುವ ಐದಕ್ಕ, ಮತ್ತ ಮುಂಜಾಗ್ರತೆ ಅಂತ ಆರಾಮ ಇದ್ದ ಎರಡಕ್ಕ.

ಮೂರನೇ ದಿನಕ್ಕ ಮೇವು ಬಿಟ್ಟವು. ನೀರಿನಂಥ ಭೇದಿ. ಒಂದು ವಾರದಾಗ ಏಳೂ ಸತ್ತವು. ಔಷಧ ಹಾಕದ ಆರು ಮೊಲ ಬದುಕಿದ್ದವು. ಆರಾಮ ಇದ್ದ ಎರಡೂ ಸತ್ತವು, ಅದನ್ನ ನೋಡಿದ ಮ್ಯಾಲ ನನಗ ಅನುಮಾನ ಬಂತು. ಅವನ್ನ ಕೊಂದದ್ದು ರೋಗ ಅಲ್ಲ, ನಾನು.

ಪೆನಿಸಿಲಿನ್ ಕಥಿ

ಆಮೇಲೆ ಒಬ್ಬ ಪಶುವೈದ್ಯರ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಬೈಲಿಲ್ಲ, ಕುಂದರಿಸಿ ತಿಳಿಸಿದ್ರು. ಅಮಾಕ್ಸಿಸಿಲಿನ್ ಪೆನಿಸಿಲಿನ್ ಮನೆತನದ್ದು. ಮೊಲ ಹುಲ್ಲು ಅರಗಿಸೂದು ಅದರ ದೊಡ್ಡ ಕರುಳಿನ ಚೀಲದಾಗ ಇರುವ ಒಳ್ಳೆ ಸೂಕ್ಷ್ಮಜೀವಿಗಳಿಂದ. ಈ ಜಾತಿ ಔಷಧ ಬಾಯಿಂದ ಹೋದ್ರ ಅವು ಸಾಯ್ತಾವು, ಆ ಜಾಗದಾಗ ವಿಷ ಮಾಡುವ ಬ್ಯಾರೆ ಜೀವಿ ಬೆಳೀತಾವು. ಮೊಲ ಭೇದಿ ಆಗಿ ಸಾಯ್ತದ.

ಇದಕ್ಕೂ ಒಂದು ಇತಿಹಾಸ ಐತಿ. 1940ರ ಮೇ 25ಕ್ಕ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಸಂಗಡಿಗರು ಎಂಟು ಇಲಿಗಳಿಗೆ ರೋಗಾಣು ಚುಚ್ಚಿ, ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು. ಮರುದಿನ ನೋಡಿದಾಗ ಔಷಧ ಕೊಟ್ಟ ನಾಲ್ಕೂ ಬದುಕಿದ್ದವು, ಉಳಿದ ನಾಲ್ಕೂ ಸತ್ತಿದ್ದವು. ಅಲ್ಲಿಂದ ಜಗತ್ತಿಗೆ ಆ ಔಷಧ ಸಿಕ್ಕಿತು. 1943ರಲ್ಲಿ ಗಿನಿ ಪಿಗ್‌ಗಳಿಗೆ ಅದನ್ನ ಕೊಟ್ಟು ನೋಡಿದಾಗ ಅವು ಸತ್ತವು. ಮೊದಲ ದಿನ ಇಲಿಯ ಬದಲು ಗಿನಿ ಪಿಗ್ ಇದ್ದಿದ್ರ ಆ ಔಷಧ ವಿಷ ಅಂತ ಮೂಲೆಗೆ ಹೋಗುತ್ತಿತ್ತೋ ಏನೋ. ಒಂದು ಪ್ರಾಣಿಗೆ ಅಮೃತ, ಇನ್ನೊಂದಕ್ಕ ವಿಷ. ಮೊಲದ ಕರುಳೂ ಗಿನಿ ಪಿಗ್‌ನಂಥದ್ದೇ. ಪೆನಿಸಿಲಿನ್ ಮನೆತನದ ಕೆಲವು ಔಷಧ ಇಂಜೆಕ್ಷನ್ ರೂಪದಾಗ ವೈದ್ಯರು ಮೊಲಕ್ಕ ಕೊಡೂದುಂಟು, ಆದ್ರ ಬಾಯಿಯಿಂದ ಅಲ್ಲ. ಲಿಂಕೋಮೈಸಿನ್, ಕ್ಲಿಂಡಾಮೈಸಿನ್ ಸಹ ಮೊಲದ ಬಾಯಿಗೆ ಹಾಕಬಾರದು.

ಉಳಿದ ಆರು ಮೊಲಕ್ಕ ಏನು ಮಾಡಿದೆ? ಕೋಣಿಯಿಂದ ಹೊರಗ ತಂದು ಬೇವಿನ ಗಿಡದ ಬುಡಕ ಜಾಳಗಿ ಪಂಜರ ಇಟ್ಟೆ, ಅಷ್ಟ. ಮ್ಯಾಲ ಮಳಿಗೆ ಪತ್ರಾ, ಮೂರು ಮಗ್ಗಲಾ ಗಾಳಿ. ಒಂದೂ ಸೀನಲಿಲ್ಲ. ಕಂಪನಿಯವರು ಮತ್ತ ಬರಲೇ ಇಲ್ಲ, ಮೊಲ ಗೆಳೆಯರಿಗೆ ಕೊಟ್ಟುಬಿಟ್ಟೆ. ಆ ಕೋಣಿ 2019ರ ಆಗಸ್ಟಿನ ಮಹಾಪೂರದಾಗ ನೆನೆದು ಬಿತ್ತು. ನಾ ಮತ್ತ ಕಟ್ಟಲಿಲ್ಲ.

ಈಗಿನ ಎರಡು ಮೊಲ

2022ರಾಗ ಮೊಮ್ಮಗಳು ಹಟ ಹಿಡಿದು ಎರಡು ಮೊಲ ತರಿಸಿದ್ಲು. ಒಂದು ಬಿಳಿದು, ಒಂದು ಬೂದು. ಬಂದ ನಾಲ್ಕನೇ ದಿನಕ್ಕ ಬೂದು ಮೊಲ ಸೀನಿತು. "ಅಜ್ಜಾ, ಇದೂ ಸಾಯ್ತೈತೇನು?" ಅಂತ ಕೇಳಿದ್ಲು. ಹಳೇ ಕಥಿ ಆಕಿಗೆ ಯಾರೋ ಹೇಳಿದ್ರು. ಆವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ.

ಈ ಸಲ ಬಾಟ್ಲಿಗೆ ಕೈ ಹಚ್ಚಲಿಲ್ಲ. ಬೂದು ಮೊಲ ಬ್ಯಾರೆ ಪಂಜರಕ್ಕ ಹಾಕಿ, ಬಿಳಿದರಿಂದ ದೂರ ಇಟ್ಟೆ. ಮುಂಜಾನೆ ವೈದ್ಯರ ಹತ್ತಿರ ಒಯ್ದೆ. ಅವರು ಹಲ್ಲು, ಕಣ್ಣು, ಕಿವಿ ನೋಡಿ, ಎದಿಗೆ ಕೊಳವಿ ಹಚ್ಚಿ ನೋಡಿ, ಮೊಲಕ್ಕ ಸಲ್ಲುವ ಔಷಧ ತೂಕ ಮಾಡಿ ಲೆಕ್ಕ ಹಾಕಿ ಕೊಟ್ಟರು. ಅಲ್ಲೇ ಅರ್ಧಕ್ಕ ಬಿಡಬ್ಯಾಡ್ರಿ ಅಂದ್ರು. ಎರಡು ವಾರದಾಗ ಮೂಗು ಒಣಗಿತು.

ಪೂರ್ತಿ ಹೋಯ್ತಾ? ಇಲ್ಲ. ಹವಾ ಬದಲಾದಾಗ ಆ ಬೂದು ಮೊಲ ಇವತ್ತಿಗೂ ನಾಲ್ಕು ಸಲ ಸೀನ್ತದ. ರೋಗಾಣು ಮೂಗಿನಾಗ ಮನಿ ಮಾಡಿಕೊಂಡದ್ದು ಪೂರ್ತಿ ಹೋಗೂದು ಕಷ್ಟ ಅಂತ ವೈದ್ಯರು ಮೊದಲೇ ಹೇಳಿದ್ರು. ಆದ್ರ ಮೇಯ್ತದ, ಕುಣೀತದ. ಮೊಮ್ಮಗಳು ಈಗ ನನಗಿಂತ ಶ್ಯಾಣ್ಯಾಕಿ, ದಿನಾ ಮುಂಗಾಲು ತಿರುವಿ ನೋಡ್ತಾಳ.

ಫೋನ್ ಮಾಡಿದ ಮೂವರಿಗೂ, ಉಳಿದವರಿಗೂ

1. ಪಂಜರದ ಹತ್ತಿರ ಕುಂತು, ಮೊಲದ ಮೂಗಿನ ಎತ್ತರಕ್ಕ ನಿಮ್ಮ ಮೂಗು ತರ್ರಿ. ಘಾಟು ಬಡೀತಂದ್ರ ಮೊದಲ ಔಷಧ ಅಲ್ಲೇ ಐತಿ. ಉಚ್ಚಿ ಹಿಕ್ಕಿ ದಿನಾ ತೆಗೀರಿ.
2. ಗಾಳಿ ಆಡಬೇಕು, ಆದ್ರ ನೆಟ್ಟಗ ಮೈಮ್ಯಾಲೆ ಬೀಸುವ ಥಂಡಿ ಗಾಳಿ, ಮಳಿ ಸಿಡಿ ಬರಬಾರದು. ಗೋಣಿತಟ್ಟು ಒಂದ ಮಗ್ಗಲಾ ಸಾಕು.
3. ಧೂಳು ಹಿಡಿದ ಕಣಕಿ, ಬೂಸಲು ಬಂದ ಹುಲ್ಲು, ಕಟಗಿ ಹೊಟ್ಟು ಬ್ಯಾಡ. ಒಲಿ ಹೊಗಿ, ಊದಿನಕಡ್ಡಿ, ಸೊಳ್ಳಿ ಬತ್ತಿ ದೂರ ಇರಲಿ.
4. ಹೊಸ ಮೊಲ ತಂದ್ರ ಮೂರು ನಾಲ್ಕು ವಾರ ಬ್ಯಾರೆ ಇಡ್ರಿ. ಗಿನಿ ಪಿಗ್ ಸಂಗಾಟ ಒಂದ ಪಂಜರದಾಗ ಇಡಬ್ಯಾಡ್ರಿ. ಮೊಲಕ್ಕ ಏನೂ ಮಾಡದ ಒಂದು ರೋಗಾಣು ಗಿನಿ ಪಿಗ್‌ನ ಪುಪ್ಪುಸಕ್ಕ ಹತ್ತಿ ಕೊಲ್ತದ.
5. ಒಂದೆರಡು ಸಲ ಒಣ ಸೀನು ಧೂಳಿನದಿರಬಹುದು. ಬಿಳೇ ಸಿಂಬಳ, ಅಂಟು ಮುಂಗಾಲು, ಕಣ್ಣಾಗ ನೀರು, ಕುತ್ತಿಗಿ ವಾರೆ ಆಗೂದು, ಇವು ಕಂಡ್ರ ವೈದ್ಯರ ಹತ್ತಿರ ಹೋಗ್ರಿ. ಹಲ್ಲಿನ ಬೇರು ಕೆಟ್ಟರೂ ಮೂಗು, ಕಣ್ಣು ಸೋರ್ತಾವು, ಅದನ್ನ ಅವರೇ ನೋಡಬೇಕು.
6. ಅರ್ಧ ದಿನ ಮೇವು ಮುಟ್ಟಲಿಲ್ಲ ಅಂದ್ರ, ಬಾಯಿ ತೆಗೆದು ಉಸಿರಾಡಿದ್ರ, ನಾಳಿ ಅನಬ್ಯಾಡ್ರಿ. ಅದ ಗಳಿಗೀಗೆ ಎಬ್ಬಿಸಿಕೊಂಡು ಹೋಗ್ರಿ.
7. ಮನ್ಯಾಗಿನ ಔಷಧ, ಆಡಿನ ಔಷಧ, ಕೋಳಿ ಔಷಧ ಮೊಲದ ಬಾಯಿಗೆ ಹಾಕಬ್ಯಾಡ್ರಿ. ಏಳು ಮೊಲ ಕಳಕೊಂಡವನ ಮಾತಿದು.
8. ಮೊಲ ಮುಟ್ಟಿದ ಮ್ಯಾಲ ಹುಡುಗ್ರ ಕೈ ತೊಳಸ್ರಿ. ಪರಚಿದ್ರ, ಕಚ್ಚಿದ್ರ ಸೋಪು ಹಚ್ಚಿ ತೊಳೆದು ಡಾಕ್ಟರಿಗೆ ತೋರಸ್ರಿ.

ಪಾಶ್ಚರ್ ರೋಗಾಣು ತೋರಿಸಿದ. ಅದು ಆರಾಮ ಇದ್ದ ಮೊಲದಾಗೂ ಇರ್ತದ ಅಂತ ವೆಬ್‌ಸ್ಟರ್ ತೋರಿಸಿದ. ಕೋಣಿಯ ಗಾಳಿ ಕೆಟ್ಟೈತಿ ಅಂತ ನಮ್ಮವ್ವ ವಖಾರದಾಗ ಸೀನಿ ಸೀನಿ ಕಲಿತಿದ್ಲು. ಮೂರೂ ಮಾತು ನನ್ನ ಮುಂದಿದ್ದವು, ಒಂದನ್ನಂತೂ ಮನ್ಯಾಗ ಕಿವಿಯಾರೆ ಕೇಳಿದ್ದೆ. ಕೇಳಿದ ಮಾತು ತಲಿಗೆ ಹೋಗಾಕ ಏಳು ಮೊಲ ಬೇಕಾದವು.

ಅವ್ವ ಈಗಿಲ್ಲ. ಬೇವಿನ ಬುಡಕ ಪಂಜರ ಅಲ್ಲೇ ಐತಿ. ಚಿಕ್ಕೋಡಿ ಕಡೆ ಬಂದ್ರ ನೋಡಾಕ ಬರ್ರಿ, ಚಹಾ ಕುಡಿಯೋಣ. ನಿಮ್ಮ ಕಡೆ ಮೊಲ ಸಾಕಿದವರ ಅನುಭವ ಇದ್ರ ಬರೀರಿ, ತಪ್ಪು ಮಾಡಿದ್ದನ್ನೂ ಬರೀರಿ. ಅದರಿಂದ ಇನ್ನೊಬ್ಬರ ಮನಿ ಮೊಲ ಉಳೀತದ.

ಶರಣು.